ಡೈನಮೈಟ್ ಕಿಡ್ ವೃತ್ತಿಪರ ಕುಸ್ತಿಯಲ್ಲಿ ತಂದ ಹೊಸತನವೇನು? ಅವರ ದೇಹ ಅಷ್ಟು ಬೇಗ ಕುಸಿದದ್ದೇಕೆ?

ಮುಖ್ಯವಾಗಿ ವೇಗ. ಡೈನಮೈಟ್ ಕಿಡ್ ಎಂಬ ಹೆಸರಿನಲ್ಲಿ ಆಡುತ್ತಿದ್ದ, ಇಂಗ್ಲೆಂಡಿನ ಗೋಲ್ಬೋರ್ನ್‌ನ ಟಾಮ್ ಬಿಲ್ಲಿಂಗ್ಟನ್ (1958–2018) ಭಾರೀ ಆಳೇನಲ್ಲ. 1981ರ ಏಪ್ರಿಲ್ 23ರಂದು ಟೋಕಿಯೊದಲ್ಲಿ ಮುಖವಾಡದ ಜಪಾನೀ ಕುಸ್ತಿಪಟು, ಮೊದಲ ಟೈಗರ್ ಮಾಸ್ಕ್ ಜೊತೆ ಅವರು ಆಡಿದ ಪಂದ್ಯ ಹಗುರ ತೂಕದ ಕುಸ್ತಿಯ ದಿಕ್ಕನ್ನೇ ಬದಲಿಸಿತು. ಮೊದಲು ಅದನ್ನೇ ನೋಡಿ.

ಅವರ ಸ್ನ್ಯಾಪ್ ಸುಪ್ಲೆಕ್ಸ್ ಎಂಬ ಎಸೆತ ಗಮನಿಸಿ: ಎದುರಾಳಿಯ ತಲೆಯನ್ನು ಕಂಕುಳಲ್ಲಿ ಬಿಗಿಹಿಡಿದು, ಅವನ ತೋಳನ್ನು ತನ್ನ ಕತ್ತಿನ ಮೇಲೆ ಹಾಕಿಕೊಂಡು, ಚಡ್ಡಿಯ ಪಟ್ಟಿ ಹಿಡಿದು, ಮೇಲೆ ನಿಲ್ಲಿಸದೆ ಒಂದೇ ಏಟಿಗೆ ಹಿಂದಕ್ಕೆ ಬೀಳುವುದು. ಇಲ್ಲಿ ಎಸೆಯುವವನ ಬೆನ್ನೂ ನೆಲಕ್ಕೆ ಅಪ್ಪಳಿಸುತ್ತದೆ. ಮೂಲೆಯ ಹಗ್ಗದ ಮೇಲಿಂದ ಹಾರಿ ತಲೆಯಿಂದ ಗುದ್ದುವ ಡೈವಿಂಗ್ ಹೆಡ್‌ಬಟ್ ಇನ್ನೂ ಕೆಟ್ಟದ್ದು. ಆಘಾತ ಕತ್ತು, ಬೆನ್ನುಮೂಳೆಗೆ ಹೋಗುತ್ತದೆ. ಇದರ ಜೊತೆಗೆ ಸ್ಟೆರಾಯ್ಡ್, ನೋವುನಿವಾರಕಗಳು.

1986ರ ಏಪ್ರಿಲ್‌ನಲ್ಲಿ ಜೊತೆಗಾರ ಕುಸ್ತಿಪಟು ಡೇವಿ ಬಾಯ್ ಸ್ಮಿತ್ ಜೊತೆ ಅಮೆರಿಕದ ಕುಸ್ತಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್‌ನ (ಈಗಿನ ಡಬ್ಲ್ಯೂಡಬ್ಲ್ಯೂಇ) ಜೋಡಿ ಪಟ್ಟ ಗೆದ್ದರು. ಡಿಸೆಂಬರ್‌ನಲ್ಲೇ ಬೆನ್ನಿನ ಡಿಸ್ಕ್‌ಗಳು ಹರಿದವು. ಮರುತಿಂಗಳು ಪಟ್ಟ ಕಳೆದುಕೊಂಡ ಪಂದ್ಯದಲ್ಲಿ ನಡೆಯಲೂ ಒದ್ದಾಡುತ್ತಿದ್ದರು. ವಿಶ್ರಾಂತಿ ಬೇಕಿತ್ತು, ತೆಗೆದುಕೊಳ್ಳಲಿಲ್ಲ. ಸಹಪಟುಗಳ ಮೇಲಿನ ಕ್ರೂರ ಕೀಟಲೆಗಳಿಂದ ಸ್ನೇಹಗಳೂ ಕೆಟ್ಟವು. ಕೊನೆಯ ಪಂದ್ಯ 1996ರಲ್ಲಿ, ಜಪಾನಿನಲ್ಲಿ. ಮರುವರ್ಷದಿಂದ ಗಾಲಿಕುರ್ಚಿ.