ಓದುಗರ ಪ್ರಶ್ನೆ: ಎಂಸಿ ಸೋಲಾರ್ ಆಲ್ಬಂಗಳು ಎಲ್ಲಿ ಅಡಗಿದ್ದವು?

ಪ್ರಶ್ನೆ: ಫ್ರೆಂಚ್ ರ‍್ಯಾಪರ್ ಎಂಸಿ ಸೋಲಾರ್ ಅವರನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅವರ ಮೊದಲ ಆಲ್ಬಂಗಳು ವರ್ಷಗಟ್ಟಲೆ ಎಲ್ಲೂ ಸಿಗುತ್ತಿರಲಿಲ್ಲ. ಯಾಕೆ?

ಉತ್ತರ: ಒಪ್ಪಂದದ ಜಗಳ. ಸೋಲಾರ್ ಮನಸ್ಸಿನಲ್ಲಿದ್ದದ್ದು ಒಂದು ಜೋಡಿ ಆಲ್ಬಂ. ಧ್ವನಿಮುದ್ರಣ ಕಂಪನಿ ಪೊಲಿಡೋರ್ ಅದನ್ನು ಎರಡಾಗಿ ಒಡೆದು, ‘ಪಾರಾದಿಸಿಯಾಕ್’ ಅನ್ನು 1997ರಲ್ಲೂ ‘ಎಂಸಿ ಸೋಲಾರ್’ ಅನ್ನು 1998ರಲ್ಲೂ ಹೊರತಂದಿತು. ವಿಷಯ ಕೋರ್ಟಿಗೆ ಹೋಯಿತು, ಸಂಬಂಧ ಮುರಿಯಿತು. ಹಾಡು ಬರೆದವರು ಯಾರೇ ಇರಲಿ, ಅದರ ಮೂಲ ಧ್ವನಿಮುದ್ರಣದ ಹಕ್ಕು ಬೇರೆಯೇ. ಆ ಹಕ್ಕಿನ ಬಗ್ಗೆ ಎರಡೂ ಕಡೆಯವರು ಒಪ್ಪದಿದ್ದರೆ ಹೊಸ ಪ್ರತಿ ಅಚ್ಚಾಗುವುದಿಲ್ಲ. ಹೀಗೆ ಮೊದಲ ನಾಲ್ಕು ಆಲ್ಬಂಗಳು ಸಿಕ್ಕಿಹಾಕಿಕೊಂಡವು. ಮೊದಲೆರಡು ಮತ್ತೆ ಬಂದದ್ದು 2021ರಲ್ಲಿ! ಅಷ್ಟರಲ್ಲಿ ಜನ ಸಿಡಿ ಬಿಟ್ಟು ಸ್ಟ್ರೀಮಿಂಗ್‌ಗೆ ಹೋಗಿಯಾಗಿತ್ತು. ಒಂದಿಡೀ ಪೀಳಿಗೆಗೆ ‘ಸ್ಯಾಂಕಿಯೆಮ್ ಆಸ್’ ಆಲ್ಬಂ (2001) ನಂತರದ ಸೋಲಾರ್ ಮಾತ್ರ ಗೊತ್ತು. ನಷ್ಟ ಆಗಿದ್ದು ಇಲ್ಲೇ, ಮಾರಾಟದಲ್ಲಿ ಅಷ್ಟಲ್ಲ.

ಪ್ರಶ್ನೆ: ಅವರು ಮೂಲತಃ ಎಲ್ಲಿಯವರು?

ಉತ್ತರ: ಹೆಸರು ಕ್ಲೋದ್ ಎಂಬರಾಲಿ. 1969ರಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ಹುಟ್ಟಿದರು. ಹೆತ್ತವರು ಚಾಡ್ ದೇಶದವರು. ಕೂಸಾಗಿದ್ದಾಗಲೇ ಫ್ರಾನ್ಸ್‌ಗೆ ಬಂದು ಪ್ಯಾರಿಸ್ ಹೊರವಲಯದಲ್ಲಿ ಬೆಳೆದರು. ನಡುವೆ ಕೆಲವು ತಿಂಗಳು ಕೈರೋದಲ್ಲಿದ್ದರು.

ಪ್ರಶ್ನೆ: ಫ್ರೆಂಚ್ ಬಾರದವರು ಎಲ್ಲಿಂದ ಶುರುಮಾಡಬೇಕು?

ಉತ್ತರ: ಸೋಲಾರ್ ಅವರ ‘ಬೂಜ್ ದ ಲಾ’ ಹಾಡಿನಿಂದ. ಆದರೆ ಅದಕ್ಕೂ ಮೊದಲು ಸಿಮಾಂಡೆ ತಂಡದ ‘ದ ಮೆಸೇಜ್’ ಕೇಳಿ. ಅದರ ತುಣುಕಿನ ಮೇಲೇ ಸೋಲಾರ್ ಹಾಡು ನಿಂತಿದೆ. ಆಮೇಲೆ 1994ರ ‘ಪ್ರೋಜ್ ಕೋಂಬಾ’ ಆಲ್ಬಂನ ‘ನೂವೋ ವೆಸ್ಟರ್ನ್’. ಅದಕ್ಕೆ ತಳಪಾಯ ಫ್ರೆಂಚ್ ಗಾಯಕ ಸೆರ್ಜ್ ಗೇನ್ಸ್‌ಬೂರ್ ಅವರ ಹಾಡು ‘ಬಾನಿ ಅಂಡ್ ಕ್ಲೈಡ್’. ಮೂಲವನ್ನೂ ರ‍್ಯಾಪನ್ನೂ ಜೊತೆಗಿಟ್ಟು ಕೇಳಿದರೆ ಎಷ್ಟು ತೆಗೆದುಕೊಂಡರು, ಎಷ್ಟು ಬಿಟ್ಟರು ಎಂಬುದು ಕಿವಿಗೇ ತಿಳಿಯುತ್ತದೆ.

ಇಂಗ್ಲಿಷ್ ರ‍್ಯಾಪಿನ ಗುದ್ದನ್ನು ಇಲ್ಲಿ ಹುಡುಕಬೇಡಿ, ನಿರಾಸೆಯಾದೀತು. ಇಂಗ್ಲಿಷಿನಲ್ಲಿ ಒತ್ತು ಪದದ ಒಳಗೇ ಬೀಳುತ್ತದೆ. ಫ್ರೆಂಚಿನಲ್ಲಿ ಪದಗುಚ್ಛದ ಕೊನೆಗೆ. ಹಾಗಾಗಿ ಅಂತ್ಯಪ್ರಾಸ ಸುಲಭ, ಸಾಲಿನ ನಡುವೆ ಜೀವ ತುಂಬುವುದೇ ಕಷ್ಟ. ಸೋಲಾರ್ ಆ ನಡುವನ್ನು ಒಳಪ್ರಾಸದಿಂದ, ಶ್ಲೇಷೆಯಿಂದ ತುಂಬುತ್ತಾರೆ, ಅದೂ ದನಿ ಏರಿಸದೆ. ‘ಕಾರೊಲಿನ್’ ಹಾಡಿನಲ್ಲಿ ಪ್ರೇಮಿ ತನ್ನನ್ನು ಹೃದಯ ಚುಚ್ಚುವ ಕಳಾವರ್ ಎಕ್ಕ ಎನ್ನುತ್ತಾನೆ. ಫ್ರೆಂಚಿನಲ್ಲಿ ‘ಚುಚ್ಚು’ ಎಂಬ ಪದವೇ ಇಸ್ಪೀಟಿನ ಇಸ್ಪೇಟು, ‘ಹೃದಯ’ವೇ ಆಟೀನು. ಒಂದೇ ಸಾಲಿನಲ್ಲಿ ಮೂರು ಬಣ್ಣದ ಎಲೆ! 1991ರ ಮೊದಲ ಆಲ್ಬಂನ ಹೆಸರೂ ಇಂಥದ್ದೇ: ಗಾಳಿ ಬಿತ್ತಿದವನು ಬಿರುಗಾಳಿ ಕೊಯ್ಯುತ್ತಾನೆ ಎಂಬ ಗಾದೆಯ ‘ತೆಂಪೆತ್’ ತೆಗೆದು ‘ತೆಂಪೊ’ ಇಟ್ಟರು, ಕೊಯ್ಲಿಗೆ ಲಯ ಬಂತು. ಅನುವಾದ ಓದುವಾಗ ಇವೆಲ್ಲ ಸೋರಿಹೋಗುತ್ತವೆ. ಮೂಲ ಸಾಹಿತ್ಯವನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ರೇಡಿಯೊಗಳು ಫ್ರೆಂಚ್ ಹಾಡು ಹಾಕಲೇಬೇಕೆಂಬ ಕಾನೂನಿನಿಂದ ಸೋಲಾರ್ ಗೆದ್ದರೇ?

ಉತ್ತರ: ಇಲ್ಲ, ವರ್ಷಗಳೇ ಹೊಂದುವುದಿಲ್ಲ. ಹಾಡು ಬಿತ್ತರಿಸುವ ಕೇಂದ್ರಗಳು ಹೆಚ್ಚು ಜನ ಕೇಳುವ ಹೊತ್ತಿನಲ್ಲಿ ಶೇ. 40ರಷ್ಟು ಫ್ರೆಂಚ್ ಹಾಡು ಹಾಕಬೇಕು, ಅದರಲ್ಲಿ ಅರ್ಧ ಹೊಸ ಪ್ರತಿಭೆಗಳದ್ದೋ ಹೊಸ ಧ್ವನಿಮುದ್ರಣಗಳದ್ದೋ ಇರಬೇಕು ಎಂಬ ಕಾನೂನು ಬಂದದ್ದು 1994ರಲ್ಲಿ, ಜಾರಿಯಾದದ್ದು 1996ರ ಜನವರಿಯಲ್ಲಿ. ಅಷ್ಟರೊಳಗೆ ಸೋಲಾರ್ ಅವರ ಎರಡು ಆಲ್ಬಂ ಬಂದು, 1993ರಲ್ಲಿ ‘ಗುರು’ ಎಂಬ ಹೆಸರಿನ ಅಮೆರಿಕದ ರ‍್ಯಾಪರ್‌ನ ‘ಜಾಝ್‌ಮಟಾಝ್’ ಆಲ್ಬಂನಲ್ಲಿ ಫ್ರೆಂಚಿನಲ್ಲೇ ಹಾಡಿಯೂ ಆಗಿತ್ತು. ಕಾನೂನಿನ ಲಾಭ ಪಡೆದವರು ಅವರ ಹಿಂದೆ ಬಂದವರು.