ವಲಯ ದೊಡ್ಡದಾದರೆ ಔಷಧ ಮೇಲೇ?

ಪ್ರಶ್ನೆ: ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಔಷಧದ ಬಿಲ್ಲೆಗಳನ್ನಿಟ್ಟು ಡಿಸ್ಕ್ ಪರೀಕ್ಷೆ ಮಾಡಿದಾಗ ಒಂದು ಆಂಟಿಬಯಾಟಿಕ್ ಸುತ್ತ 26 ಮಿ.ಮೀ., ಇನ್ನೊಂದರ ಸುತ್ತ 18 ಮಿ.ಮೀ. ವಲಯ (ಬ್ಯಾಕ್ಟೀರಿಯಾ ಬೆಳೆಯದ ವೃತ್ತ) ಬಂತು. ಮೊದಲನೆಯದೇ ಹೆಚ್ಚು ಪರಿಣಾಮಕಾರಿ ಅಲ್ಲವೇ? ಮರುಪರೀಕ್ಷೆಯಲ್ಲಿ ಅಳತೆ ಬದಲಾಗುವುದೇಕೆ?

ಉತ್ತರ: ಅಲ್ಲ. ಎರಡು ಔಷಧಗಳ ಮಿಲಿಮೀಟರುಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲೇಬೇಡಿ. ಔಷಧ ಅಗರ್‌ನಲ್ಲಿ (ತಟ್ಟೆಯಲ್ಲಿರುವ ಜೆಲ್ಲಿಯಂಥ ಪೋಷಕ ಮಾಧ್ಯಮ) ಎಷ್ಟು ಸಲೀಸಾಗಿ ಹರಡುತ್ತದೆ, ಡಿಸ್ಕಿನಲ್ಲಿ ಎಷ್ಟು ಮೈಕ್ರೊಗ್ರಾಂ ಇದೆ ಎಂಬುದೂ ವಲಯದ ಅಳತೆಯಲ್ಲಿ ಸೇರಿರುತ್ತದೆ. ಪ್ರಯೋಗಾಲಯ ಮಾನದಂಡ ರೂಪಿಸುವ ಸಂಸ್ಥೆ ಸಿಎಲ್‌ಎಸ್‌ಐನ ಕೋಷ್ಟಕದ ಪ್ರಕಾರ ಅದೇ 18 ಮಿ.ಮೀ. ಜೆಂಟಾಮೈಸಿನ್‌ಗೆ (10 ಮೈಕ್ರೊಗ್ರಾಂ) ಬಂದರೆ ಸೆನ್ಸಿಟಿವ್ (ಔಷಧಕ್ಕೆ ಬಗ್ಗುತ್ತದೆ), ಸೆಫಾಕ್ಸಿಟಿನ್‌ಗೆ (30 ಮೈಕ್ರೊಗ್ರಾಂ) ಬಂದರೆ ರೆಸಿಸ್ಟೆಂಟ್ (ಬಗ್ಗುವುದಿಲ್ಲ). ಸೆಫಾಕ್ಸಿಟಿನ್ ವಲಯ 21 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಆರಿಯಸ್. ಆಗ ಕ್ಲಾಕ್ಸಾಸಿಲಿನ್, ಸೆಫಜೋಲಿನ್ ಮುಂತಾದವು ತಟ್ಟೆಯಲ್ಲಿ ಚೆನ್ನಾಗಿ ಕಂಡರೂ ರೆಸಿಸ್ಟೆಂಟ್ ಎಂದೇ ವರದಿ ಕೊಡಬೇಕು.

ಅಳತೆ ಏರಿಳಿಯಲು ಮುಖ್ಯ ಕಾರಣ ಬ್ಯಾಕ್ಟೀರಿಯಾದ ಪ್ರಮಾಣ. 18–24 ಗಂಟೆ ಬೆಳೆದ ಕಾಲೊನಿಗಳನ್ನು ಸಲೈನಿನಲ್ಲಿ ಕದಡಿ 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಪ್ರಮಾಣಿತ ಅಳತೆ) ಮಬ್ಬಿಗೆ ಸರಿಹೊಂದಿಸಿ; ಕಣ್ಣಂದಾಜು ಸಾಲದು. ಮಬ್ಬು ಹೆಚ್ಚಾದರೆ ವಲಯ ಕುಗ್ಗುತ್ತದೆ, ಕಡಿಮೆಯಾದರೆ ಹಿಗ್ಗಿ ರೆಸಿಸ್ಟೆನ್ಸ್ ಮರೆಯಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯ. ದ್ರಾವಣ ತಯಾರಾದ 15 ನಿಮಿಷದೊಳಗೆ ಸ್ವಾಬ್ ಅದ್ದಿ, ಟ್ಯೂಬಿನ ಒಳಗೋಡೆಗೆ ಒತ್ತಿ ಹಿಂಡಿ, ಮುಲ್ಲರ್-ಹಿಂಟನ್ ಅಗರ್ ಮೇಲೆ ಮೂರು ದಿಕ್ಕುಗಳಲ್ಲಿ ಸವರಿ. ಅಗರ್ ದಪ್ಪ 4 ಮಿ.ಮೀ. ಇರಲಿ, ತೆಳುವಾದರೆ ವಲಯ ಸುಳ್ಳೇ ದೊಡ್ಡದಾಗುತ್ತದೆ. ಸವರಿದ 15 ನಿಮಿಷದೊಳಗೆ ಡಿಸ್ಕ್ ಇಡಿ. ಒಮ್ಮೆ ತಾಗಿದ ಡಿಸ್ಕನ್ನು ಸರಿಸಬೇಡಿ, ಔಷಧ ಆಗಲೇ ಇಳಿಯತೊಡಗಿರುತ್ತದೆ. ಫ್ರಿಜ್‌ನಿಂದ ತೆಗೆದ ಡಿಸ್ಕ್ ಡಬ್ಬಿ ಕೋಣೆಯ ತಾಪಕ್ಕೆ ಬರುವ ಮೊದಲೇ ತೆರೆದರೆ ತೇವ ಕೂತು ಔಷಧ ಕೆಡುತ್ತದೆ. ಇನ್‌ಕ್ಯುಬೇಟರ್ 35 ಡಿಗ್ರಿ ಸೆಲ್ಸಿಯಸ್, ಅವಧಿ 16–18 ಗಂಟೆ. ತಾಪ 35 ದಾಟಿದರೆ ಎಂಆರ್‌ಎಸ್‌ಎ ಕಣ್ತಪ್ಪಬಹುದು.

ಜೊತೆಗೆ ಪರೀಕ್ಷೆಯ ಗುಣಮಟ್ಟ ತಾಳೆ ನೋಡಲು ಎಟಿಸಿಸಿ 25923 ಎಂಬ ಪ್ರಮಾಣಿತ ಆರಿಯಸ್ ತಳಿಯನ್ನೂ ಇಡಿ. ಅದರ ವಲಯ ನಿಗದಿತ ಮಿತಿಯಾಚೆ ಹೋದರೆ ರೋಗಿಯ ಫಲಿತಾಂಶವನ್ನು ಹೊರಗೆ ಬಿಡಬೇಡಿ.

ಪ್ರಶ್ನೆ: ವ್ಯಾಂಕೊಮೈಸಿನ್‌ಗೂ ಡಿಸ್ಕ್ ಸಾಕೇ?

ಉತ್ತರ: ಸಾಲದು. ಅದರ ಅಣು ದೊಡ್ಡದು, ಅಗರ್‌ನಲ್ಲಿ ನಿಧಾನವಾಗಿ ಹರಡುತ್ತದೆ. ಸೆನ್ಸಿಟಿವ್ ತಳಿಗೂ ಇಂಟರ್‌ಮೀಡಿಯೆಟ್ (ನಡುವಿನ) ತಳಿಗೂ ವಲಯ ಹೆಚ್ಚುಕಡಿಮೆ ಒಂದೇ. ಬ್ರಾತ್ ಮೈಕ್ರೊಡೈಲ್ಯೂಷನ್‌ನಲ್ಲಿ (ದ್ರವ ಮಾಧ್ಯಮದಲ್ಲಿ ಔಷಧವನ್ನು ಹಂತಹಂತವಾಗಿ ತೆಳುಗೊಳಿಸುವ ಪರೀಕ್ಷೆ) ಎಂಐಸಿ, ಅಂದರೆ ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ ನೋಡಿ, ಪೂರ್ತಿ 24 ಗಂಟೆ ಕಾದು ಓದಿ. ಆರಿಯಸ್‌ಗೆ ಮಿಲಿಲೀಟರಿಗೆ 2 ಮೈಕ್ರೊಗ್ರಾಂವರೆಗೆ ಸೆನ್ಸಿಟಿವ್, 4–8 ಇಂಟರ್‌ಮೀಡಿಯೆಟ್, 16ರಿಂದ ಮೇಲಕ್ಕೆ ರೆಸಿಸ್ಟೆಂಟ್.

ಪ್ರಶ್ನೆ: ಕ್ಲಿಂಡಾಮೈಸಿನ್ ವಲಯ ಒಂದು ಬದಿ ಚಪ್ಪಟೆಯಾಗಿದೆ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ಚಪ್ಪಟೆ ಬದಿ ಎರಿಥ್ರೊಮೈಸಿನ್ ಡಿಸ್ಕ್ ಕಡೆಗಿದ್ದರೆ ಡಿಸ್ಕಿನ ತಪ್ಪಲ್ಲ, ಅದು ಡಿ-ಟೆಸ್ಟ್ ಪಾಸಿಟಿವ್. ಎರಿಥ್ರೊಮೈಸಿನ್ ಆ ಬ್ಯಾಕ್ಟೀರಿಯಾದ ಅಡಗಿದ ರೆಸಿಸ್ಟೆನ್ಸನ್ನು ಎಬ್ಬಿಸಿದೆ. ವಲಯ ಎಷ್ಟೇ ಅಗಲವಿರಲಿ, ಕ್ಲಿಂಡಾಮೈಸಿನ್ ರೆಸಿಸ್ಟೆಂಟ್ ಎಂದು ಬರೆಯಿರಿ. ಎರಡು ಡಿಸ್ಕ್‌ಗಳ ಅಂಚಿನ ನಡುವೆ 15–26 ಮಿ.ಮೀ. ಅಂತರವಿರಲಿ, ದೂರವಾದರೆ ಈ ಗುರುತೇ ಮೂಡುವುದಿಲ್ಲ.