ವಯಸ್ಸಾದ ಮೇಲೆ ಸ್ಕೋಲಿಯೋಸಿಸ್‌ಗೆ ಆಪರೇಷನ್ ಮಾಡಿಸಿಕೊಳ್ಳಬೇಕಾ?

65 ದಾಟಿದವರಿಗೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದರೆ ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕೇ ಬೇಕು ಅಂತೇನಿಲ್ಲ. ಎಕ್ಸ್‌ರೇಯಲ್ಲಿ ಕಾಣುವ ಬಾಗಿನ ಡಿಗ್ರಿ ಒಂದನ್ನೇ ನೋಡಿ ಹೆದರಬೇಡಿ. ಕಾಲಿಗೆ ಇಳಿಯುವ ನೋವು, ಜೋಮು, ನಿಂತರೆ ಮೈ ಮುಂದಕ್ಕೆ ವಾಲುವುದು, ನಾಲ್ಕು ಹೆಜ್ಜೆ ನಡೆದರೆ ಕೂರಲೇಬೇಕು ಅನ್ನಿಸುವುದು, ಇವೆಲ್ಲ ವ್ಯಾಯಾಮ, ಮಾತ್ರೆ, ಇಂಜೆಕ್ಷನ್‌ಗೂ ಬಗ್ಗದಿದ್ದರೆ ಮಾತ್ರ ಯೋಚಿಸಿ. ಆದರೆ ಕಾಲಿನ ಬಲ ಕುಗ್ಗುತ್ತಿದ್ದರೆ ಅಥವಾ ಮೂತ್ರ ಹಿಡಿತ ತಪ್ಪಿದರೆ ಕಾಯಲೇಬೇಡಿ, ತಕ್ಷಣ ತೋರಿಸಿ.

ಆಪರೇಷನ್‌ಗೆ ಮೊದಲು ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಯಾಕಂದರೆ ಬೆನ್ನುಮೂಳೆಗೆ ಹಾಕುವ ಸ್ಕ್ರೂ ಟೊಳ್ಳು ಮೂಳೆಯಲ್ಲಿ ಸಡಿಲವಾಗಬಹುದು. ಸಿಗರೇಟ್ ಬಿಡಲೇಬೇಕು, ಇಲ್ಲದಿದ್ದರೆ ಆಪರೇಷನ್ ಆದ ಮೇಲೆ ಮೂಳೆ ಸರಿಯಾಗಿ ಕೂಡದೇ ಹೋಗಬಹುದು. ನರದ ಒತ್ತಡ ಮಾತ್ರ ತೆಗೆಯುವ ಸಣ್ಣ ಆಪರೇಷನ್ ಸಾಕಾ ಅಂತ ಕೇಳಿ. ಬೆನ್ನುಮೂಳೆ ಉದ್ದಕ್ಕೂ ರಾಡ್ ಹಾಕಿದರೆ ಸೊಂಟ ಬಗ್ಗಿಸುವುದು ಕಷ್ಟ, ಚೇತರಿಕೆಗೆ ತಿಂಗಳುಗಟ್ಟಲೆ ಬೇಕು, ಮತ್ತೆ ಆಪರೇಷನ್ ಮಾಡಬೇಕಾಗುವ ಸಾಧ್ಯತೆಯೂ ಇದೆ. ಇನ್ನೊಬ್ಬ ಸ್ಪೈನ್ ಸರ್ಜನ್ ಅಭಿಪ್ರಾಯವನ್ನೂ ಖಂಡಿತ ಕೇಳಿ.